ಇಂಗಾಲದ ಅಚ್ಚಿನಲ್ಲಿ ಲೋಹದ ಎಳೆ

ನಾಗಮಂಗಲದ ಎರಕದವರು ದೇವತಾವಿಗ್ರಹಗಳನ್ನು ಮಾಡುವ ಕ್ರಮವನ್ನು ನಮ್ಮ ಸೀಮೆಯವರು ಬಲ್ಲರು. ಮೇಣದಲ್ಲಿ ರೂಪವನ್ನು ತಿದ್ದಿ, ಮೇಲೆ ಮಣ್ಣನ್ನು ಮೆತ್ತಿ, ಕಾಯಿಸಿ ಮೇಣವನ್ನು ಹೊರಕ್ಕೆ ಹರಿಸಿ, ಉಳಿದ ಪೊಳ್ಳಿನಲ್ಲಿ ಕರಗಿದ ಲೋಹವನ್ನು ಹೊಯ್ಯುವರು. ಇದೇ ಉಪಾಯವನ್ನು ರಸಾಯನಶಾಸ್ತ್ರಜ್ಞರು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಅಚ್ಚಿನಲ್ಲಿ ನಡೆಸಿರುವರೆಂದರೆ ವಾಚಕರಿಗೆ ಕುತೂಹಲವಾಗದಿರದು.

ಆ ಅಚ್ಚಿಗೆ ಇಂಗಾಲದ ನ್ಯಾನೋನಳಿಕೆಯೆಂದು ಹೆಸರು. ನ್ಯಾನೋ ಎಂಬುದು ಗ್ರೀಕ್ ಮೂಲದ ಮಾತು, ವಾಮನನೆಂದರ್ಥ. ನಮ್ಮ ವಾಮನನು ಬೆಳೆದು ತ್ರಿವಿಕ್ರಮನಾದನು. ಇವನ ಮಹಿಮೆಯೆಲ್ಲ ಬೆಳೆಯದೆ ಉಳಿಯುವುದರಲ್ಲಿಯೇ ಇದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲೊಂದು ಪಾಲು ನ್ಯಾನೋಮೀಟರು. ಪೆನ್ಸಿಲಿನ ಕಡ್ಡಿಯಲ್ಲಿರುವ ಇಂಗಾಲದ ಒಂದೇ ಪದರವನ್ನು ಚಾಪೆಯಂತೆ ಸುತ್ತಿದರೆ ಹೇಗೋ ಹಾಗೆ ಈ ನಳಿಕೆಯ ರಚನೆ. ಜಪಾನಿನ ಸುಮಿಯೋ ಇಜಿಮಾ 1991ರಲ್ಲಿ ಇಂತಹ ನಳಿಕೆಗಳನ್ನು ವರ್ಣಿಸಿದ ಮೇಲೆ ಲೋಕದ ದೃಷ್ಟಿ ಇತ್ತ ತಿರುಗಿತು. ಕರಗಿದ ಸೀಸವನ್ನು ಈ ನಳಿಕೆಯು, ಬತ್ತಿಯು ಎಣ್ಣೆಯನ್ನು ಹೀರುವಂತೆ, ಒಳಗೆಳೆದುಕೊಳ್ಳುವುದೆಂದು ಅಜಯನ್ ಮತ್ತು ಇಜಿಮಾ 1993ರಲ್ಲಿ ತೋರಿಸಿದರು.

ಆದರೆ ಚಿನ್ನ ಬೆಳ್ಳಿಗಳು ಹಾಗೆ ಒಳಹೊಗಲೊಲ್ಲವು. ಅವುಗಳ ದ್ರವವು ಕೆಸುವಿನೆಲೆಯ ಮೇಲಣ ನೀರಿನಂತೆ ಇಂಗಾಲಕ್ಕೆ ಅಂಟದೆ ಮುತ್ತಾಗಿ ನಿಲ್ಲುವುದು. ಅಕ್ಕಸಾಲಿಯು ಎಳೆಯುವಂತೆ ಎಳೆಯೋಣವೆಂದರೆ ಅಷ್ಟು ತೆಳ್ಳನೆಯ ಕಂಬಿ ತುಂಡಾಗುವುದು. ಇದಕ್ಕೆ ದಾರಿಯೆಂದರೆ ಲೋಹವನ್ನು ವೇಷ ಮರೆಸಿ ಒಳಗೆ ಕಳುಹಿಸುವುದು. ಮುಚ್ಚಿದ ತುದಿಗಳನ್ನು ತೀಕ್ಷ್ಣವಾದ ಆಮ್ಲದಿಂದ ತೆರೆದು, ಲೋಹದ ಲವಣವನ್ನು ಒಳಗೆ ತುಂಬಿ, ಜಲಜನಕದಲ್ಲಿ ಕಾಯಿಸಿದರೆ ಲವಣವು ಅಳಿದು ಶುದ್ಧ ಲೋಹವು ಉಳಿಯುವುದು. ಬೆಂಗಳೂರಿನ ಸಿ. ಎನ್. ಆರ್. ರಾವ್ ಅವರೂ ಅವರ ಸಂಗಡಿಗರೂ ಒಂದೇ ಪದರದ ನಳಿಕೆಗಳಲ್ಲಿ ಚಿನ್ನ, ಬೆಳ್ಳಿ, ಪ್ಲಾಟಿನಂ, ಪಲ್ಲಾಡಿಯಂಗಳ ಎಳೆಗಳನ್ನು ಹೀಗೆ ಪಡೆದುದನ್ನು 2000ದಲ್ಲಿ ಪ್ರಕಟಿಸಿದರು. ಎಳೆಯ ಅಡ್ಡಳತೆ 1.0ರಿಂದ 1.4 ನ್ಯಾನೋಮೀಟರು, ನಾಲ್ಕೈದು ಪರಮಾಣುಗಳ ಅಗಲವಷ್ಟೆ.

ಇಷ್ಟು ಪ್ರಯಾಸವೇಕೆಂದು ಗೃಹಸ್ಥರು ಕೇಳಬಹುದು. ಜಲಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯೊಡನೆ ಬೆರೆತು ಕಿಡಿ ತಾಕಿತೋ, ಕೊಠಡಿಯೇ ಸಿಡಿಯಬಹುದು. ಪಲ್ಲಾಡಿಯಂ ಲೋಹವು ಈ ಅನಿಲವನ್ನು ಹೀರಿಕೊಂಡೊಡನೆ ಅದರ ವಿದ್ಯುತ್ ಪ್ರತಿರೋಧವು ಬದಲಾಗುವುದು. ದಪ್ಪ ಸರಳಿನಲ್ಲಿ ಹೆಚ್ಚಿನ ಪರಮಾಣುಗಳು ಒಳಗೆ ಹುದುಗಿರುತ್ತವೆ. ಸೂಕ್ಷ್ಮವಾದ ಎಳೆಯಲ್ಲಿ ಬಹುಪಾಲು ಮೇಲ್ಮೈಯಲ್ಲಿಯೇ ಇರುವುದರಿಂದ ಸುದ್ದಿ ಬೇಗನೆ ಮುಟ್ಟುವುದು. ಬರಿಯ ನಳಿಕೆಯೂ ನಿರುಪಯುಕ್ತವಲ್ಲ: ಅದರ ಕಂತೆಯ ಮೇಲೆ ದ್ರವವು ಹರಿದರೆ ಅಲ್ಪ ವಿದ್ಯುತ್ತು ಹುಟ್ಟುವುದೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್ ಮತ್ತು ಸಂಗಡಿಗರು 2003ರಲ್ಲಿ ಕಂಡರು. ಆದರೂ ಕೂದಲಿಗಿಂತ ಹತ್ತಾರು ಸಾವಿರ ಪಾಲು ತೆಳುವಾದ ಎಳೆಯನ್ನು ಎತ್ತಿ, ಬೇಕಾದೆಡೆಯಲ್ಲಿ ಇರಿಸಿ, ತುದಿಗಳನ್ನು ಬೆಸೆಯುವ ಕೆಲಸವು ಎಳೆಯನ್ನು ಮಾಡುವುದಕ್ಕಿಂತ ಕಷ್ಟ. ನಾಳೆಯೇ ಎಲ್ಲವೂ ಅಂಗಡಿಗೆ ಬರುವುದೆಂಬ ಉತ್ಸಾಹದ ಬರಹಗಳನ್ನು ನಾನು ನಂಬೆನು.

ನಳಿಕೆಯೊಳಗಿನ ಎಳೆ ಪ್ರಾಚೀನರ ಕೈಯಲ್ಲಿಯೂ ಅರಿಯದೆಯೇ ಮೂಡಿರಬಹುದು. 17ನೆಯ ಶತಮಾನದ ದಮಾಸ್ಕಸ್ ಖಡ್ಗವೊಂದರ ಚೂರನ್ನು ಜರ್ಮನಿಯ ಡ್ರೆಸ್ಡೆನ್ ನಗರದ ವಿದ್ವಾಂಸರು ಆಮ್ಲದಲ್ಲಿ ಕರಗಿಸಿ ನೋಡಿದಾಗ ಇಂಗಾಲದ ನಳಿಕೆಗಳೂ, ಅವುಗಳೊಳಗೆ ಕಬ್ಬಿಣ ಇಂಗಾಲಗಳ ಸಂಯುಕ್ತದ ಎಳೆಗಳೂ ಕಂಡವೆಂದು 2006ರಲ್ಲಿ ಬರೆದರು. ಅಂತಹ ಖಡ್ಗಗಳಿಗೆ ದಕ್ಷಿಣ ಭಾರತದ ಉಕ್ಕೇ ಮೂಲದ್ರವ್ಯ. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಬುಕನನ್ ಈ ಉಕ್ಕಿನ ಪಾಕವನ್ನು ಬರೆದಿಟ್ಟಿರುವನು: ಮಣ್ಣಿನ ಮೂಸೆಯಲ್ಲಿ ಕಬ್ಬಿಣದೊಡನೆ ತಂಗಡಿಯ ಕಟ್ಟಿಗೆಯನ್ನೂ ಹಸಿರೆಲೆಗಳನ್ನೂ ಇಟ್ಟು, ಬಾಯನ್ನು ಮುಚ್ಚಿ ಕಾಯಿಸುವುದು. ಖಡ್ಗದ ಬಲಕ್ಕೆ ಆ ನಳಿಕೆಗಳೇ ಕಾರಣವೆಂಬುದನ್ನು ಲೋಹಶಾಸ್ತ್ರಜ್ಞರೆಲ್ಲರೂ ಒಪ್ಪಿಲ್ಲ.