ಲೇಪಾಕ್ಷಿಯ ಬಸವ: ಒಂದು ಸ್ಥಾವರ–ಜಂಗಮ ವಿಚಾರ

ಶಿವಾಲಯಕ್ಕೆ ಹೋದ ಭಕ್ತನು ನಂದಿಯ ಕೊಂಬುಗಳ ನಡುವಿನಿಂದ ಲಿಂಗದರ್ಶನ ಮಾಡುವುದು ನಮ್ಮಲ್ಲಿ ಬಹುಕಾಲದಿಂದ ಬಂದ ರೂಢಿ. ಆಂಧ್ರಪ್ರದೇಶದ ಲೇಪಾಕ್ಷಿಯಲ್ಲಿ ಈ ರೂಢಿ ನಡೆಯದು. ಅಲ್ಲಿಯ ನಂದಿಯು ವೀರಭದ್ರ ದೇವಾಲಯದ ಪ್ರಾಕಾರದ ಹೊರಗೆ, ಸುಮಾರು 200 ಮೀಟರು ದೂರದಲ್ಲಿ, ತೆರೆದ ಆಕಾಶದ ಕೆಳಗೆ ಕುಳಿತಿದೆ. ಒಂದೇ ಬಂಡೆಯಿಂದ ಕಡೆದ ಈ ವಿಗ್ರಹದ ಎತ್ತರ ಸುಮಾರು 15 ಅಡಿ, ಉದ್ದ ಸುಮಾರು 27 ಅಡಿ. ಅದರ ಕೊಂಬುಗಳ ನಡುವೆ ಇಣುಕಬೇಕಾದರೆ ಏಣಿಯೇ ಬೇಕು!

ಲೇಪಾಕ್ಷಿಯು ಹಿಂದೂಪುರದಿಂದ ಸುಮಾರು 15 ಕಿಲೋಮೀಟರು ದೂರದಲ್ಲಿ, ಕನ್ನಡ–ತೆಲುಗು ನುಡಿಗಳು ಬೆರೆಯುವ ಸೀಮೆಯಲ್ಲಿದೆ. ವಿಜಯನಗರದ ಅಚ್ಯುತರಾಯನ (1529–1542) ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಸಹೋದರರು ಈ ದೇವಾಲಯವನ್ನು ಕಟ್ಟಿಸಿದರು. ನಂದಿಯ ಕೊರಳಲ್ಲಿ ಗಂಟೆಸರ, ಮಾಲೆಗಳು. ಕಾಲು ಮಡಿಸಿ ಕುಳಿತಿದ್ದರೂ ತಲೆಯೆತ್ತಿದ ಆ ಭಂಗಿಯು ಈಗಲೇ ಎದ್ದುಬಿಡುವ ಹೋರಿಯದು. ಅದರ ದೃಷ್ಟಿಯು ಗುಡಿಯೊಳಗೆ ಏಳು ಹೆಡೆಯ ಸರ್ಪದ ನೆರಳಿನಲ್ಲಿರುವ ನಾಗಲಿಂಗದತ್ತ ನೆಟ್ಟಿದೆ.

ಹಲವು ವರ್ಷಗಳ ಹಿಂದೆ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದಾಗ ಒಬ್ಬ ಬಾಲಕನು ಹೀಗೆ ಕೇಳಿದನು: “ಸಾರ್, ಸ್ಥಾವರ ಉಳಿಯುವುದಿಲ್ಲ ಅಂತ ಪಾಠದಲ್ಲಿ ಹೇಳಿದ್ದಿರಿ. ಇದು ನಾನೂರು ವರ್ಷಕ್ಕಿಂತ ಹೆಚ್ಚು ಕಾಲದಿಂದ ಉಳಿದಿದೆಯಲ್ಲ?” ಆಗ ನನ್ನಿಂದ ಸರಿಯಾದ ಉತ್ತರ ಹೊರಡಲಿಲ್ಲ. “ಮುಂದೆ ತಿಳಿಯುತ್ತದೆ” ಎಂದು ಸುಮ್ಮನಾಗಿಸಿದೆ. ತಿಳಿಯಬೇಕಾದವನು ನಾನೇ ಆಗಿದ್ದೆ.

ಸ್ಥಾವರವೆಂದರೆ ನಿಂತದ್ದು, ಜಂಗಮವೆಂದರೆ ಚಲಿಸುವುದು, ಇದು ಧಾತ್ವರ್ಥ. ಬಸವಣ್ಣನವರು ಈ ಎರಡು ಪದಗಳನ್ನು ಎದುರುಬದುರಾಗಿ ನಿಲ್ಲಿಸಿದ ವಚನವನ್ನು ಕಲ್ಲಿನ ಮೇಲಣ ದ್ವೇಷವೆಂದು ಅರ್ಥೈಸುವವರುಂಟು. ಹಾಗಿದ್ದರೆ ಅವರ ಅಂಕಿತದ ಗತಿಯೇನು? ಕೂಡಲಸಂಗಮದೇವನೆಂಬುದು ಅವರು ಬಾಲ್ಯದಲ್ಲಿ ಆಶ್ರಯಿಸಿದ ಕ್ಷೇತ್ರದ ದೇವನ ಹೆಸರು. ಆ ಹೆಸರನ್ನು ಅವರು ತೊರೆಯಲಿಲ್ಲ. ಗರ್ಭಗುಡಿಯಿಂದ ಹೊರತಂದು ಪ್ರತಿ ವಚನದ ಕೊನೆಯಲ್ಲಿ ನಡೆದಾಡುವಂತೆ ಮಾಡಿದರು. ಆದುದರಿಂದ ಆ ವಚನದ ಅಳಿವು ಕಲ್ಲು ಸವೆಯುವ ಲೆಕ್ಕದ್ದಲ್ಲ. ಹಣವಿದ್ದವನು ಗುಡಿ ಕಟ್ಟಿಸಿ ತನ್ನ ಭಕ್ತಿ ಪೂರ್ಣವಾಯಿತೆಂದು ಕೈ ತೊಳೆದುಕೊಂಡರೆ, ಗುಡಿ ನಿಂತಿರುವಾಗಲೇ ಅದರ ಭಕ್ತಿ ಅಳಿದಿರುತ್ತದೆ. ಬಡವನು ದೇಹವನ್ನೇ ದೇಗುಲ ಮಾಡಿಕೊಂಡರೆ ಆ ಭಕ್ತಿಯು ಅವನು ಹೋದಲ್ಲೆಲ್ಲ ಹೋಗುತ್ತದೆ.

ಲೇಪಾಕ್ಷಿಯ ಐತಿಹ್ಯವು ಈ ವಿಚಾರಕ್ಕೆ ಒಳ್ಳೆಯ ನಿದರ್ಶನವಾಗಿದೆ. ವಿರೂಪಣ್ಣನು ಅರಸನ ಭಂಡಾರದ ಹಣವನ್ನು ಅಪ್ಪಣೆಯಿಲ್ಲದೆ ಗುಡಿಗೆ ವ್ಯಯಿಸಿದನೆಂಬ ದೂರು ಹೋಗಿ, ಕಣ್ಣು ಕೀಳಿಸುವ ಆಜ್ಞೆಯಾಯಿತಂತೆ. ಅವನು ತಾನೇ ಕಣ್ಣುಗಳನ್ನು ಕಿತ್ತು ಗೋಡೆಗೆ ಎಸೆದನೆಂದು ಹೇಳಿ, ಜನರು ಇಂದಿಗೂ ಅಲ್ಲಿಯ ಕೆಂಪು ಕಲೆಗಳನ್ನು ತೋರಿಸುತ್ತಾರೆ. ಕಲ್ಯಾಣಮಂಟಪವು ಅಪೂರ್ಣವಾಗಿಯೇ ಉಳಿದಿದೆ. ಇದು ಐತಿಹ್ಯವೇ ಹೊರತು ಚರಿತ್ರೆಯಲ್ಲ. ಆದರೂ ಇದನ್ನು ಕೇಳಿದ ಶರಣಸಾಹಿತ್ಯದ ಓದುಗನಿಗೆ ಮತ್ತೊಬ್ಬ ಭಂಡಾರಿಯ ನೆನಪಾಗದಿರದು. ಬಿಜ್ಜಳನ ಭಂಡಾರವನ್ನು ಜಂಗಮರಿಗೆ ಸೂರೆಗೊಡುತ್ತಿದ್ದಾನೆಂಬ ದೂರು ಬಸವಣ್ಣನವರ ಮೇಲೂ ಬಂದಿತ್ತು. ಎಣಿಸಿ ನೋಡಿದಾಗ ಒಂದು ಹೊನ್ನೂ ಕಡಮೆಯಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಇಬ್ಬರೂ ಭಂಡಾರಿಗಳು, ಇಬ್ಬರ ಮೇಲೂ ಒಂದೇ ದೂರು. ಸ್ಥಾವರಕ್ಕೆ ಸಂದದ್ದು ಲೆಕ್ಕದಲ್ಲಿ ಕಡಮೆಯಾಯಿತು. ಜಂಗಮಕ್ಕೆ ಸಂದದ್ದು ಕಡಮೆಯಾಗಲಿಲ್ಲ. ಜನಮನವು ಎರಡು ಬೇರೆ ಕಾಲಗಳಲ್ಲಿ ಹೆಣೆದ ಈ ಕಥೆಗಳಲ್ಲಿ ಆ ವಚನದ ಭಾಷ್ಯವೇ ಅಡಗಿದೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಕಟ್ಟಿಸಿದವನ ಹೆಸರನ್ನು ಲೇಪಾಕ್ಷಿಯಲ್ಲಿ ಎಲ್ಲರೂ ಹೇಳುತ್ತಾರೆ. ನಂದಿಯ ಕೊರಳಿನ ಒಂದೊಂದು ಗಂಟೆಯನ್ನೂ ಕಡೆದ ಕೈಗಳ ಹೆಸರನ್ನು ಯಾರೂ ಹೇಳುವುದಿಲ್ಲ. ತಾಯಿ ಅಡುಗೆ ಮಾಡಿ ಮುಗಿಸುವಷ್ಟರಲ್ಲಿ ಶಿಲ್ಪಿಗಳು ನಾಗಲಿಂಗವನ್ನು ಕಡೆದರೆಂಬ ಕಥೆ ಉಂಟು. ಅದರಲ್ಲಿಯೂ ಶಿಲ್ಪಿಗಳಿಗೆ ಹೆಸರಿಲ್ಲ. ಕಲ್ಯಾಣದ ಶರಣಪರಂಪರೆಯಾದರೋ ಇದಕ್ಕೆ ತದ್ವಿರುದ್ಧವಾದುದು. ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ — ಅಲ್ಲಿ ಕಾಯಕವೇ ಹೆಸರಿನ ಮೊದಲ ಮಾತು.

ಬಸವಣ್ಣನವರನ್ನು ವೃಷಭನ ಅವತಾರವೆಂದು ಬಣ್ಣಿಸಿದ ಬಸವಪುರಾಣವನ್ನು ಪಾಲ್ಕುರಿಕೆ ಸೋಮನಾಥನು ಮೊದಲು ತೆಲುಗಿನಲ್ಲಿ ರಚಿಸಿದನು. ಭೀಮಕವಿಯು 1369ರಲ್ಲಿ ಅದನ್ನು ಕನ್ನಡಕ್ಕೆ ತಂದನು. ಈ ಗಡಿಸೀಮೆಯ ಬಯಲಿನ ಬಸವನನ್ನು ಕಾಣುವಾಗ ಕಥೆಯ ಆ ಸಂಚಾರವೂ ನೆನಪಿಗೆ ಬರುತ್ತದೆ. ಗುಡಿಯಿಲ್ಲದ, ಬಾಗಿಲಿಲ್ಲದ ಈ ಮೂರ್ತಿಯ ಮುಂದೆ ಯಾವ ಜಾತಿಯವನೂ ಹೊಸ್ತಿಲ ಹೊರಗೆ ನಿಲ್ಲಬೇಕಾಗಿಲ್ಲ.

ಆ ಬಾಲಕನಿಗೆ ಈಗ ಉತ್ತರ ಹೇಳಬಹುದಾದರೆ ಇಷ್ಟನ್ನೇ ಹೇಳುವೆನು: “ಮಗು, ಕಲ್ಲು ಉಳಿದಿರುವುದು ನಿಜ. ಆದರೆ ನಿನ್ನನ್ನು ಇಲ್ಲಿಯವರೆಗೆ ನಡೆಸಿಕೊಂಡು ಬಂದು ಪ್ರಶ್ನೆ ಕೇಳಿಸಿತಲ್ಲ, ಅದು ಜಂಗಮ.”