ಜಾತಿ ಮೀರಿದ ಬೀಗತನ

ಕಲಬುರಗಿ ಸೀಮೆಯಲ್ಲಿ ಎರಡು ಮಾತುಗಳು ಬಹುಕಾಲದಿಂದ ಬಳಕೆಯಲ್ಲಿವೆ: ಒಂದು ರೋಟಿ ವ್ಯವಹಾರ, ಇನ್ನೊಂದು ಬೇಟಿ ವ್ಯವಹಾರ. ಕೂಡಿ ಉಣ್ಣುವುದು ಮೊದಲನೆಯದು. ಹೆಣ್ಣು ಕೊಟ್ಟು ಹೆಣ್ಣು ತರುವುದು ಎರಡನೆಯದು. ರೈಲು, ಹೋಟೆಲು, ಶಾಲೆ, ಕಾರ್ಖಾನೆಗಳು ಮೊದಲನೆಯದರ ಕಟ್ಟನ್ನು ಬಹುಮಟ್ಟಿಗೆ ಸಡಿಲಿಸಿವೆ. ಎರಡನೆಯದರ ಗಂಟು ಮಾತ್ರ ಇನ್ನೂ ಬಿಗಿಯಾಗಿಯೇ ಉಳಿದಿದೆ.

ವಾಡಿಯಿಂದ ಹೈದರಾಬಾದಿನ ಕಡೆಗೆ ನಿಜಾಮನ ರೈಲು ಓಡತೊಡಗಿದ್ದು ೧೮೭೪ರಲ್ಲಿ. ಶಹಾಬಾದದ ಹಾಸುಗಲ್ಲಿನ ಗಣಿಗಳು, ಅಲ್ಲಿಯೂ ವಾಡಿ, ಸೇಡಂಗಳಲ್ಲಿಯೂ ಎದ್ದ ಸಿಮೆಂಟು ಕಾರ್ಖಾನೆಗಳು ಹಲವು ಭಾಷೆಯ, ಹಲವು ಜಾತಿಯ ಜನರನ್ನು ಒಂದೆಡೆಗೆ ತಂದವು. ಒಂದೇ ಪಾಳಿಯಲ್ಲಿ ದುಡಿದವರು ಒಂದೇ ಡಬ್ಬಿಯ ರೊಟ್ಟಿಯನ್ನು ಹಂಚಿಕೊಂಡರು. ಆದರೆ ಮಗನಿಗೆ ಕನ್ಯೆ ನೋಡುವ ಹೊತ್ತು ಬಂದಾಗ ಪ್ರತಿಯೊಬ್ಬರೂ ತಮ್ಮ ತಮ್ಮ ಕುಲದ ಹಾದಿಯನ್ನೇ ಹಿಡಿಯುವುದು ರೂಢಿ.

ಕಲ್ಯಾಣದ ಕಥೆ

ಚಿಂಚೋಳಿಯ ವಾಯವ್ಯ ದಿಕ್ಕಿಗಿರುವ ಬಸವಕಲ್ಯಾಣದಲ್ಲಿ ಈ ಪ್ರಶ್ನೆ ಹನ್ನೆರಡನೆಯ ಶತಮಾನದಲ್ಲಿಯೇ ಎದ್ದಿತು. ಸಮಗಾರ ಕುಲದ ಹರಳಯ್ಯನವರ ಮಗ ಶೀಲವಂತನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳು ಲಾವಣ್ಯಳಿಗೂ ವಿವಾಹವಾಯಿತೆಂದು ಶರಣ ಪರಂಪರೆ ಹೇಳುತ್ತದೆ. ಎರಡೂ ಮನೆಯವರು ಲಿಂಗದೀಕ್ಷೆ ಪಡೆದವರಾದುದರಿಂದ ಅಲ್ಲಿ ಜಾತಿಯ ಮಾತೇ ಬಾರದೆಂಬುದು ಶರಣರ ವಾದ. ವರ್ಣಸಂಕರವಾಯಿತೆಂಬುದು ಸಂಪ್ರದಾಯಸ್ಥರ ದೂರು. ಬಿಜ್ಜಳನ ಆಜ್ಞೆಯಂತೆ ಇಬ್ಬರು ತಂದೆಯರಿಗೂ ಎಳೆಹೂಟೆಯ ಘೋರ ಶಿಕ್ಷೆಯಾಯಿತು. ಕಲ್ಯಾಣದಲ್ಲಿ ಕ್ರಾಂತಿಯ ಕಿಡಿ ಹೊತ್ತಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಅಂದು ಹಿರಿಯರು ಒಪ್ಪಿದ್ದರು. ಒಪ್ಪದೆ ದಂಡಿಸಿದ್ದು ಅರಸೊತ್ತಿಗೆ. ಇಂದು ಸರಕಾರ ಒಪ್ಪಿದೆ, ಒಪ್ಪದಿರುವುದು ಮನೆ.

ಕಾನೂನು ನಡೆದು ಬಂದ ದಾರಿ

ಸರಕಾರದ ಒಪ್ಪಿಗೆಯೂ ಒಂದೇ ದಿನದಲ್ಲಿ ಬಂದುದಲ್ಲ. ೧೮೭೨ರ ವಿಶೇಷ ವಿವಾಹ ಕಾಯಿದೆಯ ಪ್ರಕಾರ ಮದುವೆಯಾಗಬೇಕಾದರೆ, ತಾನು ಹಿಂದೂ, ಮುಸಲ್ಮಾನ, ಕ್ರೈಸ್ತ ಮೊದಲಾದ ಯಾವ ಧರ್ಮಕ್ಕೂ ಸೇರಿದವನಲ್ಲವೆಂದು ಘೋಷಿಸಬೇಕಾಗಿತ್ತು. ಸಂಗಾತಿ ಬೇಕಾದರೆ ಧರ್ಮವನ್ನು ಬಿಡು ಎಂಬಂತಹ ಷರತ್ತು ಅದು. ೧೯೨೩ರ ತಿದ್ದುಪಡಿ ಹಿಂದೂ, ಬೌದ್ಧ, ಸಿಖ್, ಜೈನರಿಗೆ ತಮ್ಮತಮ್ಮೊಳಗಿನ ವಿವಾಹದ ಮಟ್ಟಿಗೆ ಈ ಷರತ್ತನ್ನು ಸಡಿಲಿಸಿತು. ಜಾತಿ ಬೇರೆಯೆಂಬ ಕಾರಣಕ್ಕೆ ಹಿಂದೂ ವಿವಾಹ ಅಸಿಂಧುವಾಗದೆಂದು ಸಾರಿದ್ದು ೧೯೪೯ರ ಕಾಯಿದೆ.

ಜಾತಿ ಅಳಿಯಬೇಕಾದರೆ ರಕ್ತಸಂಬಂಧವೇ ಮದ್ದೆಂದು ೧೯೩೬ರಲ್ಲಿ ಬರೆದಿದ್ದ ಡಾ. ಅಂಬೇಡ್ಕರರು, ೧೯೪೮ರ ಏಪ್ರಿಲ್ ೧೫ರಂದು ದಿಲ್ಲಿಯಲ್ಲಿ ಸಾರಸ್ವತ ಬ್ರಾಹ್ಮಣ ಮನೆತನದ ವೈದ್ಯೆಯೊಬ್ಬರನ್ನು ನೋಂದಣಿ ವಿವಾಹವಾದರು. ಆ ಹೊತ್ತಿಗೆ ಸೇಡಂ, ಚಿತ್ತಾಪುರ, ಚಿಂಚೋಳಿಗಳು ಇನ್ನೂ ನಿಜಾಮನ ಆಳ್ವಿಕೆಯಲ್ಲಿದ್ದವು. ಐದು ತಿಂಗಳ ತರುವಾಯ ಹೈದರಾಬಾದು ಭಾರತದಲ್ಲಿ ವಿಲೀನವಾಯಿತು. ೧೯೫೪ರ ವಿಶೇಷ ವಿವಾಹ ಕಾಯಿದೆ ೧೯೫೫ರ ಜನವರಿ ೧ರಿಂದ ಜಾರಿಗೆ ಬಂದು ಈ ಊರುಗಳಿಗೂ ಅನ್ವಯಿಸಿತು. ಮರುವರ್ಷವೇ ಕನ್ನಡದ ಯುವ ಲೇಖಕ ಯು. ಆರ್. ಅನಂತಮೂರ್ತಿಯವರು ಕ್ರೈಸ್ತ ಮನೆತನದ ಎಸ್ತರ್ ಅವರ ಕೈಹಿಡಿದರು.

ಅಮೆರಿಕದ ಕಥೆ ಇದಕ್ಕಿಂತ ಭಿನ್ನ. ಅಲ್ಲಿ ಬಿಳಿಯರು ಕರಿಯರನ್ನು ಮದುವೆಯಾಗುವುದನ್ನು ಕಾನೂನೇ ತಡೆದಿತ್ತು. ೧೯೬೭ರ ಜೂನ್ ೧೨ರಂದು ಸುಪ್ರೀಂ ಕೋರ್ಟು ಅಂತಹ ಕಾನೂನುಗಳನ್ನು ರದ್ದುಪಡಿಸುವವರೆಗೂ ೧೬ ರಾಜ್ಯಗಳಲ್ಲಿ ಆ ನಿಷೇಧ ಉಳಿದಿತ್ತು. ಅಲ್ಲಿಯ ಗೋಡೆಯನ್ನು ತೀರ್ಪೊಂದು ಕೆಡವಿತು. ನಮ್ಮ ಗೋಡೆ ಕಾನೂನಿನ ಪುಸ್ತಕದಲ್ಲಿಲ್ಲ.

ಮೂವತ್ತು ದಿನಗಳು

೧೯೫೪ರ ಕಾಯಿದೆಯ ಕ್ರಮ ಸರಳವಾಗಿದೆ. ವರನಿಗೆ ೨೧, ವಧುವಿಗೆ ೧೮ ತುಂಬಿರಬೇಕು. ಇಬ್ಬರಲ್ಲೊಬ್ಬರಾದರೂ ೩೦ ದಿನ ನೆಲಸಿರುವ ಜಿಲ್ಲೆಯ ವಿವಾಹಾಧಿಕಾರಿಗೆ ಲಿಖಿತ ಸೂಚನೆ ಕೊಡಬೇಕು. ಅದನ್ನು ಕಚೇರಿಯ ಗೋಡೆಗೆ ಅಂಟಿಸಲಾಗುತ್ತದೆ. ೩೦ ದಿನಗಳೊಳಗೆ ಯಾರು ಬೇಕಾದರೂ ಆಕ್ಷೇಪಿಸಬಹುದು. ತರುವಾಯ ಮೂವರು ಸಾಕ್ಷಿಗಳ ಮುಂದೆ ಸಹಿ ಬಿದ್ದರೆ ವಿವಾಹ ಪೂರ್ಣ. ಇಬ್ಬರೂ ಹಿಂದೂಗಳಾಗಿದ್ದರೆ ಆಸ್ತಿಯ ಹಕ್ಕಿಗೆ ಚ್ಯುತಿಯಿಲ್ಲವೆಂದು ೧೯೭೬ರ ತಿದ್ದುಪಡಿ ಸ್ಪಷ್ಟಪಡಿಸಿದೆ.

ಆದರೆ ಆ ಮೂವತ್ತು ದಿನಗಳೇ ಅಗ್ನಿಪರೀಕ್ಷೆ. ತಾಲ್ಲೂಕು ಊರಿನಲ್ಲಿ ಗೋಡೆಗೆ ಅಂಟಿದ ಹೆಸರು ಸಂಜೆಯೊಳಗೆ ಚಹಾದಂಗಡಿ ತಲುಪುತ್ತದೆ, ರಾತ್ರಿಯೊಳಗೆ ಮನೆ ತಲುಪುತ್ತದೆ. ಹುಡುಗಿಯನ್ನು ಕೂಡಿಹಾಕುವುದು, ಅವಸರದಲ್ಲಿ ಬೇರೆ ಮದುವೆ ಮಾಡುವುದು, ಕಡೆಗೆ ಕೊಲೆ—ಇವೆಲ್ಲ ಕರ್ನಾಟಕದಲ್ಲಿಯೂ ನಡೆದಿವೆ. ಹೀಗೆ ಪ್ರಕಟಿಸುವುದು ಜೋಡಿಯ ಇಚ್ಛೆಗೆ ಬಿಟ್ಟದ್ದೆಂದು ಅಲಹಾಬಾದ್ ಹೈಕೋರ್ಟು ೨೦೨೧ರ ಜನವರಿಯಲ್ಲಿ ಹೇಳಿತು. ಮರುತಿಂಗಳು ಸುಪ್ರೀಂ ಕೋರ್ಟಿನ ಮುಂದೆ ಬೆಳಗಾವಿ ಜಿಲ್ಲೆಯ ಮುರಗೋಡು ಠಾಣೆಯ ಪ್ರಕರಣ ಬಂದಿತು. ತಂದೆಗೆ ತಿಳಿಸದೆ ಮದುವೆಯಾದ ಅಧ್ಯಾಪಕಿಯನ್ನು ಪೊಲೀಸರು ಠಾಣೆಗೆ ಬಾರೆಂದು ಒತ್ತಾಯಿಸಿದ್ದರು. ವಯಸ್ಕರಿಬ್ಬರು ಒಪ್ಪಿದ ಮೇಲೆ ಮನೆತನದ, ಕುಲದ ಅನುಮತಿ ಬೇಕಿಲ್ಲವೆಂದು ನ್ಯಾಯಾಲಯ ಸಾರಿ, ಇಂತಹ ಪ್ರಕರಣಗಳನ್ನು ಸೂಕ್ಷ್ಮವಾಗಿ ನಡೆಸಲು ಪೊಲೀಸರಿಗೆ ತರಬೇತಿ ಕೊಡಬೇಕೆಂದಿತು.

ಮನೆಯ ತೀರ್ಪು

೨೦೧೧-೧೨ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಜಾತಿ ಮೀರಿದ ಮದುವೆಗಳು ನೂರಕ್ಕೆ ಸುಮಾರು ಐದು. ಪರಿಶಿಷ್ಟ ಜಾತಿಯವರೊಡನೆ ವಿವಾಹವಾಗುವ ಅನ್ಯಜಾತಿಯವರಿಗೆ ರಾಜ್ಯದ ಸಮಾಜ ಕಲ್ಯಾಣ ಇಲಾಖೆ ಪ್ರೋತ್ಸಾಹಧನ ಕೊಡುತ್ತದೆ. ಹಣದಿಂದ ಸಂಸಾರ ಹೂಡಬಹುದು, ಬಳಗವನ್ನು ಕೊಳ್ಳಲಾಗದು. ತಂದೆತಾಯಿಗಳ ಅಂಜಿಕೆಯೂ ಪೊಳ್ಳಲ್ಲ: ಕಿರಿಯ ಮಗಳಿಗೆ ವರ ಸಿಕ್ಕಾನೆಯೇ, ಬೀಗರು ಮನೆಗೆ ಬಂದಾರೆಯೇ, ಊರಿನ ಜಾತ್ರೆಯಲ್ಲಿ ತಲೆಯೆತ್ತಿ ನಡೆದೇವೆಯೇ? ಈ ಅಂಜಿಕೆಯನ್ನು ಹುಟ್ಟಿಸುವವರು ನೆಂಟರು; ತೆಗೆಯಬಲ್ಲವರೂ ಅವರೇ. ಒಂದು ಮನೆಯವರು ಧೈರ್ಯಮಾಡಿ ಅಳಿಯನನ್ನು ಒಳಗೆ ಕರೆದರೆ, ಓಣಿಯ ಇನ್ನೊಂದು ಮನೆಗೆ ಆ ದಾರಿ ಅಷ್ಟು ಹತ್ತಿರವಾಗುತ್ತದೆ.

ವಿವಾಹಾಧಿಕಾರಿ ಪ್ರಮಾಣಪತ್ರ ಕೊಡಬಲ್ಲ, ಪೊಲೀಸರು ಕಾವಲು ನಿಲ್ಲಬಲ್ಲರು. ಆದರೆ ಮದುವೆಯಾಗಿ ಹೋದ ಮಗಳನ್ನು ಪಂಚಮಿ ಹಬ್ಬಕ್ಕೆ ಕರೆತರಲು ಅಣ್ಣನನ್ನು ಕಳುಹಿಸುವ ಅಧಿಕಾರ ಯಾವ ನ್ಯಾಯಾಲಯಕ್ಕೂ ಇಲ್ಲ. ಅದು ಇರುವುದು ತಾಯಿತಂದೆಗಳ ಕೈಯಲ್ಲಿ.