ಗತಿಸಿದವರ ಅಸಮ್ಮತಿ



ಅನುಚಿತವಾದ ಕಾರ್ಯವನ್ನು ಕಂಡಾಗ ಬದುಕಿರುವವರು ಅಸಮ್ಮತಿಯನ್ನು ಸೂಚಿಸುವುದು ಸಹಜವಷ್ಟೆ. ಭಾಷೆಯು ಅಷ್ಟಕ್ಕೇ ತೃಪ್ತಿಪಡದೆ ಗತಿಸಿದವರನ್ನೂ ಸಾಕ್ಷಿಗೆ ಕರೆಯುವುದುಂಟು. ಇಂತಹ ನುಡಿಗಟ್ಟುಗಳ ಅರ್ಥವನ್ನೂ ಪ್ರಯೋಗವನ್ನೂ ಸ್ವಲ್ಪ ವಿಚಾರಮಾಡೋಣ.

ಒಬ್ಬನು ಜೀವಿಸಿದ್ದಾಗ ಬಹುವಾಗಿ ಆದರಿಸಿದ್ದ ವಸ್ತುವಿಗೆ ಅಪಚಾರವಾದರೆ, ಆತನು ಗೋರಿಯಲ್ಲಿ ಮಗ್ಗುಲು ಬದಲಿಸುವನೆಂದು ಇಂಗ್ಲಿಷಿನವರು ಹೇಳುತ್ತಾರೆ. ಫ್ರೆಂಚ್ ಮತ್ತು ಜರ್ಮನ್ ಭಾಷೆಗಳಲ್ಲಿಯೂ ಈ ಮಾತುಂಟು. ಅಮೆರಿಕದವರ ಬಾಯಲ್ಲಿ ಆತನು ಬುಗುರಿಯಂತೆ ತಿರುಗುವುದೂ ಉಂಟು. ಹೂಳುವ ಪದ್ಧತಿಯುಳ್ಳ ಆ ಜನರು ಮರಣವನ್ನು ನಿದ್ರೆಯೆಂದು ಭಾವಿಸಿದರು. ಮೇಲಿನ ಮಣ್ಣು ಹಗುರವಾಗಿರಲೆಂಬ ಹಾರೈಕೆಯನ್ನು ಪ್ರಾಚೀನ ರೋಮನರು ನಾಲ್ಕು ಅಕ್ಷರಗಳಿಗೆ ಸಂಕ್ಷೇಪಿಸಿ ಗೋರಿಗಲ್ಲುಗಳ ಮೇಲೆ ಕೆತ್ತುತ್ತಿದ್ದರು. ನಿದ್ರಿಸುವವನಿಗೆ ಅಸಮಾಧಾನವಾದರೆ ಮಗ್ಗುಲು ಬದಲಿಸುವುದಲ್ಲದೆ ಮತ್ತೇನು ಮಾಡಬಲ್ಲನು? ಎದ್ದುಬಂದು ತಡೆಯಲಾರನು. ಆದುದರಿಂದ ಈ ಮಾತಿನಲ್ಲಿ ನಗೆಯ ಲೇಪವಿದೆ. ವ್ಯಾಕರಣ ಕೆಟ್ಟರೂ, ಸಂಗೀತ ಕೆಟ್ಟರೂ, ಅಡುಗೆ ಕೆಟ್ಟರೂ ಅವರು ಇದನ್ನು ಆಡುವರು.

ನಮ್ಮ ಪಿತೃಗಳಾದರೋ ನಿದ್ರಿಸುವವರಲ್ಲ. ಮಕ್ಕಳ ಕೈಯ ಎಳ್ಳುನೀರಿಗಾಗಿ ಕಾದಿರುವವರು. ಜರತ್ಕಾರುವು ಮದುವೆಯಾಗದೆ ತಪಸ್ಸಿನಲ್ಲಿದ್ದಾಗ, ಅವನ ಪಿತೃಗಳು ಇಲಿ ಕಡಿಯುತ್ತಿದ್ದ ಹುಲ್ಲಿನ ಬೇರನ್ನು ಹಿಡಿದು ಹಳ್ಳದಲ್ಲಿ ತಲೆಕೆಳಗಾಗಿ ತೂಗಾಡುತ್ತಿದ್ದರೆಂದು ಮಹಾಭಾರತದ ಆದಿಪರ್ವವು ಹೇಳುತ್ತದೆ. ದಾನಶಾಸನಗಳ ಕೊನೆಯಲ್ಲಿ ಬರುವ ಒಂದು ಶಾಪಶ್ಲೋಕದ ಪ್ರಕಾರ, ದತ್ತಿಯ ಭೂಮಿಯನ್ನು ಅಪಹರಿಸಿದವನು ಹುಳುವಾಗಿ ಹುಟ್ಟಿ ತನ್ನ ಪಿತೃಗಳೊಡನೆ ಬೇಯುವನು. ಇದಕ್ಕೆ ಪ್ರತಿಯಾಗಿ, ವಂಶದಲ್ಲಿ ಭೂಮಿಯನ್ನು ದಾನಮಾಡುವವನು ಹುಟ್ಟಿದರೆ ತಂದೆಯರು ತೋಳು ತಟ್ಟುವರು, ತಾತಂದಿರು ಕುಣಿಯುವರು ಎಂಬ ಶ್ಲೋಕವೂ ಇದೆ. ಉತ್ತರಕ್ರಿಯೆಯಲ್ಲಿ ಕಾಗೆಯು ಪಿಂಡವನ್ನು ಮುಟ್ಟದಿದ್ದರೆ, ಸತ್ತವರಿಗೆ ಏನೋ ಕೊರತೆ ಉಳಿದಿದೆಯೆಂದು ಬಗೆದು, ಸಾಲ ತೀರಿಸುವೆವೆಂದೋ ಮಗಳ ಮದುವೆ ಮಾಡುವೆವೆಂದೋ ಮನೆಯವರು ಮಾತುಕೊಡುವರು.

ಹೀಗಾಗಿ ‘ಪಿತೃಗಳು ಮೆಚ್ಚರು’, ‘ಅವರ ಆತ್ಮ ನೊಂದೀತು’ ಎಂಬ ನಮ್ಮ ಮಾತುಗಳಲ್ಲಿರುವುದು ಬರಿಯ ಅಭಿಪ್ರಾಯವಲ್ಲ, ಋಣದ ಹಕ್ಕು. ಇವನ್ನು ಕೆಟ್ಟ ಅಡುಗೆಗೆ ಅನ್ವಯಿಸಿದರೆ ಹಾಸ್ಯವಾಗದು, ಅಪಹಾಸ್ಯವಾದೀತು. ಇಂಗ್ಲಿಷಿನ ಮಾತನ್ನು ‘ಸಮಾಧಿಯಲ್ಲಿ ಹೊರಳಾಡುವರು’ ಎಂದು ಕನ್ನಡಿಸುವಾಗಲೂ ಎಚ್ಚರ ಬೇಕು. ಸಮಾಧಿಯೆಂದರೆ ಯೋಗಿಯ ನಿಶ್ಚಲಸ್ಥಿತಿಯೂ ಹೌದು, ಅಲ್ಲಿ ಹೊರಳಾಟವೆಲ್ಲಿಯದು? ಹೂಳುವ ಪದ್ಧತಿಯವರು ನಮ್ಮಲ್ಲಿಯೂ ಬಹುಮಂದಿಯಿದ್ದಾರೆ. ಅವರ ವಿಷಯದಲ್ಲಿ ಚಿತ್ರವಾದರೂ ಹೊಂದೀತು. ಆದರೆ 1948ರಲ್ಲಿ ಯಮುನೆಯ ದಡದಲ್ಲಿ ದಹನಸಂಸ್ಕಾರ ಪಡೆದ ಗಾಂಧೀಜಿಯವರನ್ನು ಗೋರಿಯಲ್ಲಿ ಹೊರಳಿಸುವುದು ಹೇಗೆ?

ಇದಕ್ಕಿಂತ ಮುಖ್ಯವಾದ ಎಚ್ಚರವೊಂದಿದೆ. ಗತಿಸಿದವರು ಪಾಟೀಸವಾಲಿಗೆ ಸಿಕ್ಕದ ಸಾಕ್ಷಿಗಳು. ಅವರ ಬಾಯಲ್ಲಿ ನಾವು ಯಾವ ಮಾತನ್ನಾದರೂ ಇಡಬಹುದು. ಕಂಪೆನಿಯ ಆಳ್ವಿಕೆಯ ಸೀಮೆಯಲ್ಲಿ 1856ರ ಕಾನೂನು ವಿಧವೆಯರ ಮರುಮದುವೆಗೆ ಸಮ್ಮತಿಯಿತ್ತಿತು. ಕಾನೂನು ತೆರೆದ ಬಾಗಿಲನ್ನು ‘ಹಿರಿಯರು ಮೆಚ್ಚರು’ ಎಂಬ ಒಂದು ಮಾತು ಎಷ್ಟೋ ಮನೆಗಳಲ್ಲಿ ಮುಚ್ಚಿಟ್ಟಿತು. ಆ ಹಿರಿಯರನ್ನು ಕೇಳಿ ಬಂದವರಾರು? ಮೊಮ್ಮಗಳ ಕಣ್ಣೀರನ್ನು ಕಂಡಿದ್ದರೆ ಅವರೇ ಮೊದಲು ಮೆಚ್ಚುತ್ತಿದ್ದರೋ ಏನೋ! ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳಬಾರದೆಂಬ ಗಾದೆಯನ್ನು ಮಾಡಿದವರೂ ನಮ್ಮ ಹಿರಿಯರೇ ಅಲ್ಲವೆ?

ಗತಿಸಿದವರ ನುಡಿಯೋ ನಡೆಯೋ ಆಧಾರವಾಗಿದ್ದರೆ ಈ ನುಡಿಗಟ್ಟುಗಳನ್ನು ಧಾರಾಳವಾಗಿ ಬಳಸಬಹುದು. ಆಗ ಅವಕ್ಕೆ ಬಲವೂ ಗೌರವವೂ ಉಂಟು. ಆಧಾರವಿಲ್ಲದಾಗ ‘ನಾನು ಮೆಚ್ಚೆನು’ ಎಂದು ಹೇಳಿಬಿಡುವುದೇ ಮೇಲು.